ಮುಕ್ತಾರ್ ತರಿಸಿದ ಲೈಟು

ಶಿರಾದ ಬಜಾರಿನಲ್ಲಿ ಜವಳಿ ಅಂಗಡಿ ಇಟ್ಟಿದ್ದ ಮುಕ್ತಾರ್‌ಗೆ ಅನುಮಾನ ಅನ್ನುವುದು ಕಸುಬಿನ ಜೊತೆಗೇ ಬಂದ ಗುಣ. ಅಪ್ಪ ಅಂಗಡಿ ಬಿಟ್ಟುಕೊಡುವಾಗ ಹೇಳಿದ್ದು ಒಂದೇ ಮಾತು: ದೀಪದ ಕೆಳಗೆ ತೋರಿಸಿದ ಬಣ್ಣವನ್ನು ಹೆತ್ತ ತಾಯಿ ಹೇಳಿದರೂ ನಂಬಬೇಡ. ಮೂವತ್ತೈದು ವರ್ಷದಿಂದ ಮುಕ್ತಾರ್ ಆ ಮಾತು ಮೀರಿರಲಿಲ್ಲ. ಸೂರತ್ತಿನಿಂದ ಬಟ್ಟೆ ಬಂದರೆ ಥಾನಿನ ತುದಿ ಹಿಡಿದು ಮೆಟ್ಟಿಲಿಳಿದು ಬೀದಿಗೆ ಬರುತ್ತಿದ್ದ. ಬಿಸಿಲಿಗೊಡ್ಡಿ, ಕಣ್ಣು ಕಿರಿದು ಮಾಡಿ, ಹಿಂದೆ ಮುಂದೆ ತಿರುವಿ ನೋಡಿ ಆಮೇಲೆ ರಸೀದಿಗೆ ಕೈ ಹಾಕುತ್ತಿದ್ದ. ದೀಪ ಎಂಥ ಮೋಸ ಮಾಡಬಲ್ಲದು ಎನ್ನುವುದನ್ನು ಅವನಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಅವನ ಅಂಗಡಿಯಲ್ಲೇ ಜರಿ ಸೀರೆಗಳ ಗೂಡಿನ ಮೇಲೆ ನಾಲ್ಕು ಹಳದಿ ಬಲ್ಬುಗಳಿದ್ದವು. ಅವುಗಳ ಕೆಳಗೆ ಹಿಡಿದರೆ ಸಾಧಾರಣ ಜರಿಯೂ ಬಂಗಾರದ ಹಾಗೆ ಕಾಣುತ್ತಿತ್ತು. ಗಿರಾಕಿ ಸೀರೆಯನ್ನು ಹೊರಗೊಯ್ದು ನೋಡುತ್ತೇನೆಂದರೆ ಅವನು ಬೇಡವೆನ್ನುತ್ತಿರಲಿಲ್ಲ. ನೋಡಿ ಎಂದು ತಾನಾಗಿ ಹೇಳಿದ್ದೂ ಇಲ್ಲ.

ಅವನ ಹೆಂಡತಿ ಫಕ್ರುನ್ನೀಸಾ ಉರ್ದು ಶಾಲೆಯಲ್ಲಿ ವಿಜ್ಞಾನ ಕಲಿಸಿ ಹೋದ ವರ್ಷ ನಿವೃತ್ತಳಾದವಳು. ಮೂರು ವರ್ಷದ ಹಿಂದೆ ಇಬ್ಬರೂ ಉಮ್ರಾ ಯಾತ್ರೆಗೆ ಮೆಕ್ಕಾಕ್ಕೆ ಹೋಗಿದ್ದಾಗ, ಹೊರಡುವ ದಿನ ಜಿದ್ದಾದಲ್ಲಿ ಬಸ್ಸಿನವನು ಎಲ್ಲರನ್ನೂ ಒಂದು ದೊಡ್ಡ ಮೀನುಮನೆಗೆ ಕರೆದೊಯ್ದಿದ್ದ. ಉಳಿದವರು ಶಾರ್ಕ್ ನೋಡಲು ಓಡಿದರೆ ಫಕ್ರುನ್ನೀಸಾ ಒಂದು ಚಿಕ್ಕ ಗಾಜಿನ ಮುಂದೆ ನಿಂತವಳು ಅಲ್ಲೇ ನಿಂತುಬಿಟ್ಟಳು. ಒಳಗೆ ಕಲ್ಲಿನ ಮೇಲೆ ಹೂವಿನಂಥ ಹವಳದ ಜೀವಿಗಳು ಅಲೆಗೆ ಬಾಗಿ ಏಳುತ್ತಿದ್ದವು. ಬಸ್ಸಿನ ಹಾರನ್ನು ಮೂರು ಸಲ ಕೂಗಿದ ಮೇಲೆ ಮುಕ್ತಾರ್ ಬಂದು ತೋಳು ಹಿಡಿದು ಕರೆದುಕೊಂಡು ಹೋಗಬೇಕಾಯಿತು. "ಮಕ್ಕಳಿಗೆ ಇಪ್ಪತ್ತೆಂಟು ವರ್ಷ ಹವಳ ಅಂದ್ರೆ ಪ್ರಾಣಿ ಅಂತ ಬೋರ್ಡಿನ ಮೇಲೆ ಬರ್ದೆ. ಇವತ್ತು ನೋಡ್ದೆ," ಎಂದು ಅವಳು ಬಸ್ಸಿನಲ್ಲಿ ಹೇಳಿದಳು.

ನಿವೃತ್ತಿಯಾದ ತಿಂಗಳಲ್ಲೇ ಹಾಲಿನ ಗೋಡೆಗೆ ಮೂರಡಿ ಉದ್ದದ ಗಾಜಿನ ತೊಟ್ಟಿ ಬಂತು. ಶುದ್ಧ ನೀರಿಗೆ ಪೊಟ್ಟಣದ ಉಪ್ಪು ಬೆರೆಸಿ ಸಮುದ್ರದ ನೀರು ಮಾಡುವುದನ್ನು ಅವಳು ಕಲಿತಳು. ಎರಡು ಕಿತ್ತಳೆ ಪಟ್ಟೆಯ ಮೀನು ಬಂದವು. ಗಟ್ಟಿ ಹವಳ ಇಟ್ಟುಕೊಂಡರೆ ಕಾನೂನಿನ ತೊಡಕೆಂದು ತಿಳಿದುಕೊಂಡು, ಬಿಲ್ಲಿನ ಸಮೇತ ಮೆತ್ತನೆಯ ಹವಳಗಳನ್ನಷ್ಟೇ ತರಿಸಿದಳು. ಅವುಗಳಿಗೆ ತಾನೇ ಹೆಸರಿಟ್ಟಳು: ಚರ್ಮದ ಹವಳ, ಅಣಬೆ ಹವಳ, ಗುಂಡಿ ಹವಳ. ನಾಲ್ಕು ತಿಂಗಳು ಕಳೆಯುವುದರೊಳಗೆ ಗುಂಡಿ ಹವಳಗಳ ಕತ್ತು ಉದ್ದವಾಗತೊಡಗಿತು, ಬಣ್ಣ ಕಾಫಿಪುಡಿಯ ಹಾಗಾಯಿತು.

"ಬೆಳಕು ಸಾಲ್ತಿಲ್ಲ ಜೀ. ತೊಟ್ಟಿ ಜೊತೆ ಕೊಟ್ಟ ಲೈಟು ಮೀನು ನೋಡೋಕೆ ಸರಿ, ಹವಳ ಸಾಕೋಕಲ್ಲ. ಮಧುಗಿರೀಲಿ ಒಬ್ರಿದ್ದಾರೆ. ಕೇಳ್ಕೊಂಡ್ ಬರೋಣ," ಎಂದಳು.

"ಯಾರು ಅವ್ನು? ಅಂಗಡಿಯವ್ನಾ?"

"ಅಂಗಡಿ ಇಲ್ಲ. ಮನೇಲೇ ಬೆಳೆಸಿ, ಒಂದೊಂದು ತುಂಡು ಕೊಡ್ತಾರೆ."

ಅಂಗಡಿಯೇ ಇಲ್ಲದೆ ಮಾರುವವನು ಎಂದ ಕೂಡಲೇ ಮುಕ್ತಾರ್ ತಾನೂ ಬರುತ್ತೇನೆಂದ.

ಭಾನುವಾರ ಇಬ್ಬರೂ ಬಸ್ಸು ಹಿಡಿದು ಮಧುಗಿರಿಗೆ ಹೋದರು. ಬೆಟ್ಟದ ಬುಡದ ಓಣಿಯಲ್ಲಿ ಕಿರಣ್ ಕುಮಾರನ ಮನೆ. ಮೂವತ್ತು ದಾಟಿದ ತೆಳ್ಳನೆಯ ಮನುಷ್ಯ. ಪಾವಗಡದ ಕಡೆ ಸೋಲಾರ್ ಫಲಕಗಳ ಉಸ್ತುವಾರಿ ನೋಡುವ ಕೆಲಸ; ಭಾನುವಾರ ಮಾತ್ರ ಮನೆಯಲ್ಲಿರುತ್ತಿದ್ದ. ಅವನ ತಾಯಿ ರಾಜಲಕ್ಷ್ಮಮ್ಮ ಕಾಫಿ ತಂದಿಟ್ಟು, "ವಾರವೆಲ್ಲಾ ಬಿಸ್ಲಲ್ಲಿ ಬೇಯ್ತಾನೆ, ರಜಾ ದಿನ ಈ ನೀಲಿ ದೀಪದ ಮುಂದೆ ಕೂತ್ಬುಡ್ತಾನೆ ಕಣಮ್ಮ. ಸೊಸೆ ತರೋದು ಯಾವಾಗ ಕೇಳಿ ಇವ್ನ," ಎಂದು ಫಕ್ರುನ್ನೀಸಾಳ ಪಕ್ಕ ಕೂತಳು.

ಕಿರಣನ ತೊಟ್ಟಿ ಇದ್ದದ್ದು ಕಿಟಕಿ ಮುಚ್ಚಿದ ಕೋಣೆಯಲ್ಲಿ. ಮೇಲೆ ಕಡುನೀಲಿ ಬೆಳಕು. ಕೆಳಗೆ ಹವಳಗಳು ಗಿಣಿಹಸಿರಾಗಿ, ಕೆಂಡದ ಕಿತ್ತಳೆಯಾಗಿ ಒಳಗಿನಿಂದಲೇ ಉರಿಯುತ್ತಿರುವಂತೆ ಕಂಡವು. ಫಕ್ರುನ್ನೀಸಾ "ಸುಭಾನಲ್ಲಾ" ಎಂದಳು. ಮುಕ್ತಾರ್‌ಗೆ ತನ್ನ ಅಂಗಡಿಯ ನಾಲ್ಕು ಬಲ್ಬು ನೆನಪಾದವು.

"ಬೆಳ್ಳಗಿರೋ ಲೈಟ್ ಹಾಕಪ್ಪ, ನೋಡಾಣ," ಎಂದ.

ಕಿರಣ್ ಮೊಬೈಲಿನಲ್ಲಿ ಏನೋ ಒತ್ತಿದ. ನೀಲಿ ಹೋಗಿ ಬಿಳಿ ಬಂತು. ಉರಿಯುತ್ತಿದ್ದ ಹವಳಗಳು ಒಂದೇ ಕ್ಷಣಕ್ಕೆ ಮಂಕಾದವು. ಕೆಂಡದ ಬಣ್ಣದ್ದು ಇಟ್ಟಿಗೆಯ ಬಣ್ಣಕ್ಕೆ ಬಂತು, ಗಿಣಿಹಸಿರು ಒಣಗಿದ ನುಗ್ಗೆಸೊಪ್ಪಾಯಿತು.

ಮುಕ್ತಾರ್ ಹೆಂಡತಿಯ ಕಡೆ ತಿರುಗಿ, "ನೋಡ್ದ್ಯಾ?" ಎಂದ.

"ಮೋಸ ಅಲ್ಲ ಸಾರ್ ಇದು," ಎಂದ ಕಿರಣ್ ನಗುತ್ತಾ. "ಸಮುದ್ರದೊಳ್ಗೆ ಇಳೀತಾ ಇಳೀತಾ ಕೆಂಪು ಮೊದ್ಲು ಸಾಯ್ತದೆ. ಆಳಕ್ಕೆ ಹೋಗೋದು ನೀಲಿ ಒಂದೇ. ಹವಳದ ಮೈಯೊಳ್ಗೆ ಕಣ್ಣಿಗೆ ಕಾಣ್ದಷ್ಟು ಸಣ್ಣ ಪಾಚಿ ಇರ್ತದೆ. ಅದು ಆ ನೀಲಿ ಬೆಳಕ್ನಲ್ಲಿ ಅಡುಗೆ ಮಾಡಿ ಹವಳಕ್ಕೆ ಉಣ್ಣಿಸ್ತದೆ. ಬಿಳೀದು ನಮ್ಮ ಕಣ್ಣಿಗೆ. ನೀಲೀದು ಅದ್ರ ಹೊಟ್ಟೆಗೆ."

ಫಕ್ರುನ್ನೀಸಾ ನೋಟ್‌ಬುಕ್ ತೆಗೆದು ಬರೆದುಕೊಳ್ಳತೊಡಗಿದಳು. ಅವಳ ತೊಟ್ಟಿಯ ಅಳತೆ, ನೀರಿನ ಆಳ, ಯಾವ ಹವಳ ಎಲ್ಲಿದೆ ಎಲ್ಲವನ್ನೂ ಕಿರಣ್ ಕೇಳಿದ. ಕೊನೆಗೆ, ದೊಡ್ಡ ಲೈಟು ಬೇಡವೆಂದ. "ಮೆತ್ತನೆ ಹವಳಕ್ಕೆ ಜಾಸ್ತಿ ಬೆಳಕು ಕೊಟ್ರೆ ಸುಟ್ಟೋಗ್ತವೆ ಮೇಡಂ. ನಾನು ಹೇಳೋದು ಚಿಕ್ಕದು. ನೀಲಿ, ಬಿಳಿ ಬೇರೆ ಬೇರೆ ಏರ್ಸಿ ಇಳಿಸ್ಬಹುದು. ನೀರಿಂದ ಒಂದು ಮೊಳ ಮೇಲೆ ನೇತಾಕಿ. ಮೂವತ್ತು ಪರ್ಸೆಂಟಿಂದ ಶುರು ಮಾಡಿ. ದಿನಕ್ಕೆ ಎಂಟು ಗಂಟೆ, ಅಷ್ಟೇ. ಚೆನ್ನೈಯಿಂದ ತರಿಸಿಕೊಡ್ತೀನಿ, ಎರಡು ವಾರ ಆಗ್ತದೆ."

ವಾಪಸ್ ಬರುವಾಗ ಬಸ್ಸಿನಲ್ಲಿ ಮುಕ್ತಾರ್ ಒಂದೇ ಸಮನೆ ಲೆಕ್ಕ ಹಾಕುತ್ತಿದ್ದ. ಚಿಕ್ಕದು ಸಾಕು ಅನ್ನುವವನು ಯಾವ ಊರಿನ ವ್ಯಾಪಾರಿ? ಗಿರಾಕಿಯ ನಂಬಿಕೆ ಗಳಿಸಲು ಮೊದಲು ಕಡಿಮೆಯದನ್ನು ತೋರಿಸುವುದು ತಾನೂ ಮಾಡುವ ಕೆಲಸವೇ. ಚೆನ್ನೈಯಲ್ಲಿ ಇವನಿಗೆ ಯಾರೋ ಇದ್ದಾರೆ, ಪಾಲು ಬರುತ್ತದೆ. ಪಕ್ಕದಲ್ಲಿ ಫಕ್ರುನ್ನೀಸಾ ನೋಟ್‌ಬುಕ್ಕನ್ನು ಮಡಿಲಲ್ಲಿಟ್ಟುಕೊಂಡು ಕಿಟಕಿಯಾಚೆ ನೋಡುತ್ತಾ ಖುಷಿಯಾಗಿದ್ದಳು. ಅವಳು ಇಷ್ಟು ಸುಲಭಕ್ಕೆ ನಂಬುವುದು ಅವನಿಗೆ ಸರಿಬರಲಿಲ್ಲ.

"ನೀನು ಫೋನ್ ಗೀನ್ ಮಾಡೋಕೆ ಹೋಗ್ಬೇಡ. ಲೈಟಿನ ವಿಚಾರ ನಾನು ನೋಡ್ಕೋತೀನಿ. ಪಾರ್ಸೆಲ್ ಅಂಗಡಿಗೇ ಬರ್ಲಿ," ಎಂದ.

ಮಾರನೆಯ ದಿನ ಅಂಗಡಿಯಿಂದ ಕಿರಣನಿಗೆ ಫೋನು ಮಾಡಿದ. "ಲೈಟು ತರಿಸ್ಬೇಡಿ. ನಮ್ಮವ್ರೇ ಒಬ್ರು ಇದ್ದಾರೆ, ಅವ್ರ ಹತ್ರ ತಗೋತೀವಿ." ಕಿರಣ್ ಬೇಸರಪಡಲಿಲ್ಲ. "ಆಗ್ಲಿ ಸಾರ್. ಹವಳಕ್ಕೇ ಮಾಡಿದ್ದಾ ಅಂತ ಮಾತ್ರ ನೋಡ್ಕೊಳ್ಳಿ," ಎಂದ. ಬೇಸರಪಡದೆ ಇದ್ದದ್ದೂ ಮುಕ್ತಾರ್‌ಗೆ ನಾಟಕದಂತೆಯೇ ಕೇಳಿಸಿತು.

ನಮ್ಮವರು ಎಂದರೆ ಅವನ ಅಕ್ಕನ ಮಗ ನದೀಮ್. ಕೊರಟಗೆರೆ ಕಡೆ ಸೇವಂತಿಗೆ ಬೆಳೆಯುವವರಿಗೆ ಹೊಲದ ತುಂಬ ದೀಪ ಕಟ್ಟಿಕೊಡುವುದು, ಪಾಲಿಹೌಸಿನೊಳಗೆ ಸಸಿಗಳಿಗೆ ಲೈಟು ಹಾಕುವುದು ಅವನ ಕೆಲಸ. ಗೊರವನಹಳ್ಳಿಗೆ ಹೋಗುವ ದಾರಿಯ ನರ್ಸರಿಯೊಂದರಲ್ಲಿ ಅವನು ಕೆಲಸ ಮಾಡುತ್ತಿದ್ದಾಗ ಮುಕ್ತಾರ್ ಅಲ್ಲಿಗೇ ಹೋಗಿ ವಿಷಯ ಹೇಳಿದ.

"ಮಾಮೂ, ನನ್ನ ಹತ್ರ ಇರೋದು ಗಿಡದ ಲೈಟು. ಸಮುದ್ರದ ಜೀವಕ್ಕೆ ಇದು ಆಗ್ತದೋ ಇಲ್ವೋ ನಂಗೊತ್ತಿಲ್ಲ," ಎಂದ ನದೀಮ್.

"ಆ ಮಧುಗಿರಿಯವ್ನೇ ಹೇಳಿದ್ನಲ್ಲ, ಹವಳದ ಒಳ್ಗೆ ಪಾಚಿ ಇರ್ತದೆ ಅಂತ. ಪಾಚಿ ಅಂದ್ರೆ ಗಿಡ ತಾನೇ?"

"ಗಿಡಾನೇ. ಆದ್ರೂ..."

"ಆದ್ರೂ ಗೀದ್ರೂ ಬ್ಯಾಡ. ಎಲ್ಲಾ ಲೈಟೂ ಒಂದೇ ಕಾರ್ಖಾನೇಲಿ ಆಗೋದು ಕಣ್ಲಾ. ಮೇಲಿನ ಹೆಸರು ಬದಲಾಯ್ಸಿ ಬೆಲೆ ಏರಿಸ್ತಾರೆ. ನಾನು ಬಟ್ಟೇಲಿ ನೋಡಿಲ್ವಾ?"

ಅಂಗಡಿಗೆ ತಂದ ಲೈಟಿನ ಬೆನ್ನಿಗೆ ಎಲೆಯ ಚಿತ್ರದ ಚೀಟಿ ಅಂಟಿತ್ತು. ಮುಕ್ತಾರ್ ಅದನ್ನು ನೀರಿನಲ್ಲಿ ನೆನೆಸಿ ಉಗುರಿನಿಂದ ಕೆರೆದು ತೆಗೆದ. ಕೆರೆಯುವಾಗ ತಾನು ತಪ್ಪು ಮಾಡುತ್ತಿದ್ದೇನೆ ಎಂದು ಅವನಿಗೆ ಅನ್ನಿಸಲಿಲ್ಲ. ಹೆಂಡತಿಯನ್ನು ಒಬ್ಬ ಮೋಸಗಾರನಿಂದ ಕಾಪಾಡುತ್ತಿದ್ದೇನೆ, ಅವಳಿಗೆ ನೋವಾಗದ ಹಾಗೆ ಕಾಪಾಡುತ್ತಿದ್ದೇನೆ ಎಂದುಕೊಂಡ. ಎರಡು ವಾರ ಅದನ್ನು ಗೋದಾಮಿನಲ್ಲಿಟ್ಟು, ಆಮೇಲೆ ಮನೆಗೊಯ್ದು, "ಕಿರಣ್ ಕಳಿಸಿದ ಲೈಟು ಬಂತು," ಎಂದ.

ಫಕ್ರುನ್ನೀಸಾ ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು. "ಏರ್ಸೋದು ಇಳಿಸೋದು ಎಲ್ಲಿ? ಮೂವತ್ತು ಪರ್ಸೆಂಟು ಅಂದಿದ್ರಲ್ಲ?"

"ಹೊಸ ಮಾಡೆಲ್ ಅಂತೆ. ಅದೇ ನೋಡ್ಕೊಳ್ತದಂತೆ."

ಲೈಟು ಹಾಕಿದಾಗ ಹಾಲೆಲ್ಲ ಗುಲಾಬಿಯಾಯಿತು. ಕಿರಣನ ಮನೆಯ ನೀಲಿ ಅಲ್ಲ ಇದು. ಮದುವೆ ಮಂಟಪದ ದೀಪದಂಥ ಕೆಂಪು ಬೆರೆತ ನೇರಳೆ. ಫಕ್ರುನ್ನೀಸಾ ಒಂದು ಸಲ ಗಂಡನ ಮುಖ ನೋಡಿದಳು. ಅವನು ಟೀ ಕೇಳಿದ.

ಹತ್ತು ದಿನ ಆಗಿರಬೇಕು, ಒಂದು ಸಂಜೆ ಬೀಟಿನ ಪೊಲೀಸ್ ಲಕ್ಷ್ಮೀಪತಿ ಬೈಕು ನಿಲ್ಲಿಸಿ ಬಾಗಿಲಿಗೆ ಬಂದ. ಪರಿಚಯದವನೇ, ಹೆಂಡತಿಗೆ ಸೀರೆ ಮುಕ್ತಾರನ ಅಂಗಡಿಯಲ್ಲೇ ತಗೊಳ್ಳುತ್ತಿದ್ದ. ಆದರೆ ಆ ದಿನ ಒಳಗೆ ಬರುವಾಗ ಮೂಗು ಅರಳಿಸಿ ವಾಸನೆ ಹಿಡಿಯುತ್ತಾ ಬಂದ.

"ಏನಿಲ್ಲ ಸಾಬ್ರೇ, ಬೀದಿಯವ್ರು ಒಬ್ರು ಹೇಳಿದ್ರು. ಕಿಟಕೀಲಿ ಒಂಥರಾ ಬಣ್ಣದ ಬೆಳಕು ಕಾಣ್ತದೆ ಅಂತ. ಈಗೀಗ ಇಂಥ ಲೈಟಾಕಿ ಮನೆಯೊಳ್ಗೇ ಗಾಂಜಾ ಬೆಳೀತಾರೆ, ನೋಡಿ. ಕೇಳ್ದಂಗೆ ಇರೋಕಾಗಲ್ಲ."

ಫಕ್ರುನ್ನೀಸಾ ಅವನನ್ನು ತೊಟ್ಟಿಯ ಮುಂದೆ ಕೂರಿಸಿ, ಬಿಲ್ಲುಗಳನ್ನು ತಂದು ತೋರಿಸಿ, ಕಾಲು ಗಂಟೆ ಪಾಠ ಮಾಡಿದಳು. ಲಕ್ಷ್ಮೀಪತಿ ಮೀನು ನೋಡಿ ಸಮಾಧಾನಗೊಂಡ. ಎದ್ದು ಹೋಗುವಾಗ ಲೈಟಿನ ಕಡೆ ಕೈ ತೋರಿಸಿ, "ಇಂಥದ್ದೇ ನಾನು ನರ್ಸರೀಲಿ ನೋಡಿದೀನಿ ಮೇಡಂ. ಅಲ್ಲಿ ಟೊಮೇಟೊ ಸಸಿ ಇದ್ವು," ಎಂದ.

ಮುಕ್ತಾರ್ ಅವನನ್ನು ಬೈಕಿನ ತನಕ ಕಳಿಸಿಬಂದ. ಅವನಿಗೆ ಹೊಸ ಚಿಂತೆ ಹತ್ತಿತು. ಬೀದಿಯಲ್ಲಿ ದೂರು ಹೇಳಿದವರು ಯಾರು? ಎದುರುಮನೆಯ ಪಿಂಚಣಿದಾರ ಅಶ್ವತ್ಥನೇ ಇರಬೇಕು ಎಂದು ಅವನ ಜೊತೆ ಮಾತು ನಿಲ್ಲಿಸಿದ.

ಮೂರನೆಯ ವಾರ ಚರ್ಮದ ಹವಳ ಮುದುಡಿಕೊಂಡು ಮೇಲೆ ಮೇಣದಂಥ ಪೊರೆ ಕಟ್ಟಿತು. ಗುಂಡಿ ಹವಳಗಳು ಬಾಯಿ ಮುಚ್ಚಿದವು, ಮತ್ತೆ ತೆರೆಯಲಿಲ್ಲ. ಅಣಬೆ ಹವಳವೊಂದು ಕಲ್ಲಿನಿಂದ ಕಳಚಿ ತೇಲಿತು. ಕಲ್ಲುಗಳ ಮೇಲೆ ಹಸಿರು ಪಾಚಿ ಕೂದಲಿನ ಹಾಗೆ ಬೆಳೆದು, ಎಷ್ಟು ಕಿತ್ತರೂ ಮಾರನೆಯ ದಿನಕ್ಕೆ ಮತ್ತೆ ಇರುತ್ತಿತ್ತು.

ಮುಕ್ತಾರ್ ಎಲ್ಲರನ್ನೂ ಅನುಮಾನಿಸಿದ. ಶುದ್ಧ ನೀರಿನ ಕ್ಯಾನು ತರುವವನು ಬೋರ್‌ವೆಲ್ ನೀರನ್ನೇ ತುಂಬಿ ತರುತ್ತಿದ್ದಾನೆ ಎಂದ. ಕೆಲಸದ ಮಹಾಲಕ್ಷ್ಮಮ್ಮ ಫಿನಾಯಿಲ್ ಕೈಯಲ್ಲಿ ತೊಟ್ಟಿ ಮುಟ್ಟುತ್ತಾಳೆ ಎಂದ. ಅವಳು, "ನಾನ್ಯಾಕೆ ಮುಟ್ಲಿ ಸಾಬ್ರೇ, ಅದ್ನ ಕಂಡ್ರೇ ಭಯ ನಂಗೆ," ಎಂದು ಕಣ್ಣೀರು ಹಾಕಿದಳು. ಉಪ್ಪಿನ ಪೊಟ್ಟಣ ನಕಲಿ ಎಂದ. ಹವಳ ಮಾರಿದವನು ರೋಗದ ತುಂಡನ್ನೇ ಕಳಿಸಿದ್ದಾನೆ ಎಂದ. ಫಕ್ರುನ್ನೀಸಾ ನೋಟ್‌ಬುಕ್ ತೆರೆದಳು. ಒಂದೊಂದು ವಾರಕ್ಕೆ ಒಂದೊಂದನ್ನು ಮಾತ್ರ ಬದಲಾಯಿಸುತ್ತಾ ಬಂದಳು. ನೀರು ಬದಲಾಯಿಸಿ ನೋಡಿದಳು. ಉಪ್ಪು ಬದಲಾಯಿಸಿದಳು. ಮೀನಿನ ಆಹಾರ ಅರ್ಧ ಮಾಡಿದಳು. ನೋಟ್‌ಬುಕ್ಕಿನ ಪುಟಗಳ ಮೇಲೆ ಒಂದೊಂದಕ್ಕೂ ಗೀಟು ಎಳೆದಳು. ಕೊನೆಗೆ ಉಳಿದದ್ದು ಲೈಟು.

ಅವಳು ಕಿರಣನಿಗೆ ಫೋನು ಮಾಡಿದಾಗ ಮುಕ್ತಾರ್ ಪಕ್ಕದ ಕೋಣೆಯಲ್ಲಿ ನಮಾಜಿಗೆ ಹಾಸಿದ್ದ ಚಾಪೆ ಮಡಿಸುತ್ತಿದ್ದ. ಅವಳ ಧ್ವನಿ ಏರಿದ್ದು ಕೇಳಿತು, ಆಮೇಲೆ ತಟ್ಟನೆ ಇಳಿದದ್ದು ಕೇಳಿತು. ಅವಳು ಬಾಗಿಲಿಗೆ ಬಂದಳು.

"ಆತ ಲೈಟೇ ಕಳಿಸಿಲ್ವಂತೆ. ನೀವೇ ಫೋನ್ ಮಾಡಿ ಬೇಡ ಅಂದ್ರಂತೆ."

ನಿಜ ಹೇಳಬೇಕಾದ ಗಳಿಗೆ ಅದೇ. ಚಾಪೆ ಮುಕ್ತಾರನ ಕೈಯಲ್ಲಿತ್ತು.

"ಸುಳ್ಳು," ಎಂದ. "ಸಿಕ್ಕಾಕ್ಕೊಂಡ್ಮೇಲೆ ಇನ್ನೇನು ಹೇಳ್ತಾನೆ? ಬಿಲ್ ಕೊಟ್ನಾ? ಇಲ್ಲ. ಅಂಗಡಿ ಇಲ್ಲ, ಬೋರ್ಡಿಲ್ಲ. ನಾನು ಮೊದ್ಲೇ ಹೇಳಿರ್ಲಿಲ್ವಾ?"

ಫಕ್ರುನ್ನೀಸಾ ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡಳು. ಒಬ್ಬರು ಸುಳ್ಳು ಹೇಳುತ್ತಿದ್ದಾರೆ ಎನ್ನುವುದು ಖಚಿತ. ಅದು ಗಂಡನಾಗಿರಲಿಕ್ಕಿಲ್ಲ ಎನ್ನುವುದೂ ಅವಳಿಗೆ ಖಚಿತವಾಗಿತ್ತು. ಉಪ್ಪುನೀರಿನ ತೊಟ್ಟಿ ಇಟ್ಟವರದ್ದೊಂದು ವಾಟ್ಸ್ಯಾಪ್ ಗುಂಪಿತ್ತು, ಜಿಲ್ಲೆಯ ಎಂಬತ್ತು ಜನ ಅದರಲ್ಲಿದ್ದರು. ಆ ಮಧ್ಯಾಹ್ನ ಅವಳು ಅದರಲ್ಲಿ ಬರೆದಳು: ಮಧುಗಿರಿಯ ಕಿರಣ್ ಕುಮಾರ್ ಅವರು ನನಗೆ ಹವಳದ ಲೈಟು ಎಂದು ಬೇರೆ ಏನನ್ನೋ ಕಳಿಸಿ, ಈಗ ಕಳಿಸಿಯೇ ಇಲ್ಲ ಎನ್ನುತ್ತಿದ್ದಾರೆ. ಇತರರು ಎಚ್ಚರವಾಗಿರಿ. ಬರೆದದ್ದನ್ನು ಗಂಡನಿಗೆ ಓದಿ ಹೇಳಿದಳು. "ಸರಿಯಾಗಿದೆಯಾ?" ಎಂದಳು. ಅವನು ತಲೆಯಾಡಿಸಿದ.

ಗುಂಪಿನಲ್ಲಿ ಜನ ಮುಗಿಬಿದ್ದರು. ನಮಗೂ ಮೊದಲಿಂದ ಡೌಟಿತ್ತು ಎಂದು ಇಬ್ಬರು ಬರೆದರು. ಕಿರಣನಿಂದ ಹವಳ ತಗೊಳ್ಳಬೇಕೆಂದಿದ್ದ ಒಬ್ಬರು ಬೇಡವೆಂದರು. ಕಿರಣ್ ಬರೆದದ್ದು ಒಂದೇ ಸಾಲು: "ಮೇಡಂ, ಭಾನುವಾರ ಶಿರಾಕ್ಕೆ ಬರ್ತೀನಿ. ನೋಡಿ ಮಾತಾಡೋಣ."

ಭಾನುವಾರಕ್ಕೆ ಮೂರು ದಿನವಿತ್ತು. ಆ ಮೂರು ದಿನ ಮುಕ್ತಾರ್ ಅಂಗಡಿಯಲ್ಲಿ ಕೂತಲ್ಲಿ ಕೂರಲಿಲ್ಲ. ಕಿರಣ್ ಯಾಕೆ ಬರುತ್ತಾನೆ? ಏನು ಹಿಡಿದುಕೊಂಡು ಬರುತ್ತಾನೆ? ನದೀಮನಿಗೆ ಫೋನು ಮಾಡಿ ಸುತ್ತಿಬಳಸಿ ಕೇಳಿದ: "ಫೋನಲ್ಲಿ ಮಾತಾಡಿದ್ದು ಎಲ್ಲಾದ್ರೂ ಉಳೀತದೇನ್ಲಾ?"

"ಕೆಲವ್ರ ಫೋನಲ್ಲಿ ತಾನಾಗೇ ರೆಕಾರ್ಡ್ ಆಗ್ತದೆ ಮಾಮೂ. ಯಾಕೆ?"

"ಸುಮ್ನೆ."

ಗೋದಾಮಿಗೆ ಹೋಗಿ, ಕೆರೆದ ಚೀಟಿಯ ಚೂರು ನೆಲದ ಮೇಲೆ ಬಿದ್ದಿದೆಯೇ ಎಂದು ಹುಡುಕಿದ. ನದೀಮನೇ ಬಾಯಿಬಿಡಬಹುದು ಎಂದು ಅವನ ಮೇಲೂ ಅನುಮಾನ ಬಂತು. ಕಿರಣನ ಜೊತೆ ಕೆಲಸ ಮಾಡುವ ಯಾರಾದರೂ ಆ ದಿನ ಪಕ್ಕದಲ್ಲಿ ನಿಂತು ಫೋನು ಕೇಳಿಸಿಕೊಂಡಿರಬಹುದು. ರಾತ್ರಿ ಊಟ ಸೇರಲಿಲ್ಲ. ಫಕ್ರುನ್ನೀಸಾ ಮಾತ್ರ, ಹವಳ ಸತ್ತದ್ದಕ್ಕೆ ಗಂಡನೂ ನೊಂದಿದ್ದಾನೆಂದು ತಿಳಿದು, ಅವನಿಗೆ ಇಷ್ಟವಾದ ಖೀಮಾ ಮಾಡಿ ಬಡಿಸಿದಳು. ಅವನು ಅರ್ಧಕ್ಕೇ ಎದ್ದು ಕೈ ತೊಳೆದ.

ಕಿರಣ್ ಭಾನುವಾರ ಹನ್ನೊಂದರ ಹೊತ್ತಿಗೆ ಬಂದ. ಹೆಗಲಿಗೆ ಚೀಲ, ಕೈಯಲ್ಲೊಂದು ರಟ್ಟಿನ ಪೆಟ್ಟಿಗೆ. ಫಕ್ರುನ್ನೀಸಾ ಕೂರಿ ಎನ್ನಲಿಲ್ಲ. ಅವನೂ ಕೂರಲಿಲ್ಲ. ನೇರ ತೊಟ್ಟಿಯ ಹತ್ತಿರ ಹೋಗಿ ಬಗ್ಗಿ ನೋಡಿ, "ಅಯ್ಯೋ," ಎಂದ. ಆ ಅಯ್ಯೋ ನಿಜವಾದದ್ದೆಂದು ಮುಕ್ತಾರ್‌ಗೆ ಗೊತ್ತಾಯಿತು. ಮೂವತ್ತೈದು ವರ್ಷದಲ್ಲಿ ಮೊದಲ ಸಲ, ಎದುರಿನವನ ಮಾತು ನಿಜವೆಂದು ಗೊತ್ತಾಗಿ ಅವನಿಗೆ ಹೆದರಿಕೆಯಾಯಿತು.

ಕಿರಣ್ ಚೀಲದಿಂದ ಉದ್ದ ಕೋಲಿನ ತುದಿಗೆ ಬಟನ್ನಿನಷ್ಟು ಗಾತ್ರದ ಕಣ್ಣಿರುವ ಮೀಟರೊಂದನ್ನು ತೆಗೆದು ನೀರಿಗಿಳಿಸಿದ. "ಇದು ಬೆಳಕು ಅಳೆಯೋದು. ನಮ್ಮ ಕಣ್ಣಿಗೆ ಎಷ್ಟು ಕಾಣ್ತದೆ ಅಂತಲ್ಲ, ಹವಳದೊಳಗಿನ ಪಾಚಿಗೆ ಎಷ್ಟು ಸಿಗ್ತದೆ ಅಂತ ತೋರಿಸ್ತದೆ," ಎಂದ. ಅಂಕಿ ಏರುತ್ತಾ ಹೋಯಿತು. "ನಿಮ್ಮ ಹವಳಕ್ಕೆ ನೂರು ಇದ್ರೆ ಸಾಕು. ಇಲ್ಲಿ ನಾನೂರು ದಾಟಿದೆ. ಸಾಲ್ದು ಅಂತ ಕೆಂಪು ಬೇರೆ. ಆ ಕೆಂಪಿಗೇ ಈ ಕೂದಲು ಪಾಚಿ ಹಿಂಗೆ ಎದ್ದಿರೋದು. ಇದು ಗಿಡದ ಲೈಟು ಮೇಡಂ. ಒಳ್ಳೇ ಲೈಟೇ, ಆದ್ರೆ ಸಸಿಗೆ."

"ಹಂಗಾದ್ರೆ ಯಾಕೆ ಕಳಿಸಿದ್ರಿ?" ಎಂದಳು ಫಕ್ರುನ್ನೀಸಾ.

ಕಿರಣ್ ಮುಕ್ತಾರ್ ಕಡೆ ನೋಡಿದ. ಆಮೇಲೆ ಜೇಬಿಗೆ ಕೈ ಹಾಕಿ ಫೋನು ತೆಗೆದ. ಬಂತು, ಎಂದುಕೊಂಡ ಮುಕ್ತಾರ್. ಈಗ ತನ್ನ ಧ್ವನಿ ಈ ಹಾಲಿನಲ್ಲಿ ಕೇಳುತ್ತದೆ.

ಕಿರಣ್ ಫೋನನ್ನು ಫಕ್ರುನ್ನೀಸಾಳ ಮುಂದೆ ಹಿಡಿದ. ಅದರಲ್ಲಿದ್ದದ್ದು ಒಂದು ಚಿತ್ರ. "ನಾನು ನಿಮಗೆ ಹೇಳಿದ್ದ ಲೈಟು ಇದು. ಇದರ ಬೆನ್ನಿಗೆ ಫ್ಯಾನಿರ್ತದೆ, ಎರಡು ತಿರುಗಣೆ ಇರ್ತವೆ. ನಾನು ಬೇರೆ ಸಾಕ್ಷಿ ಏನೂ ತಂದಿಲ್ಲ ಮೇಡಂ. ಫೋನಲ್ಲಿ ಆದ ಮಾತಿಗೆ ಸಾಕ್ಷಿ ಎಲ್ಲಿಂದ ತರ್ಲಿ? ಜಗಳಕ್ಕೆ ಬಂದಿಲ್ಲ. ಉಳಿದಿರೋ ಹವಳನಾದ್ರೂ ಉಳೀಲಿ ಅಂತ ನನ್ನ ಹಳೇ ಲೈಟು ತಂದಿದೀನಿ."

ಅಷ್ಟೇ. ರೆಕಾರ್ಡು ಇರಲಿಲ್ಲ. ಯಾರ ಹತ್ತಿರವೂ ಏನೂ ಇರಲಿಲ್ಲ. ಮುಕ್ತಾರನ ಎದೆಯ ಮೇಲಿನ ಕಲ್ಲು ಇಳಿಯಿತು. ಇನ್ನು ಸುಮ್ಮನಿದ್ದರೆ ಸಾಕು, ಕಿರಣ್ ಬಸ್ಸು ಹತ್ತಿ ಹೋಗುತ್ತಾನೆ, ಕಥೆ ಮುಗಿಯುತ್ತದೆ.

ಫಕ್ರುನ್ನೀಸಾ ಹೇಳಿದಳು: "ನೋಡಿ, ನಿಮ್ಮ ಲೈಟು ನಮಗೆ ಬೇಡ. ಯಜಮಾನ್ರು ಊರವ್ರನ್ನೆಲ್ಲಾ ಅನುಮಾನಿಸ್ತಾರೆ, ನಿಜ. ಅದಕ್ಕೆ ನಾನೇ ಬಯ್ತೀನಿ. ಆದ್ರೆ ಮೂವತ್ತೈದು ವರ್ಷದಲ್ಲಿ ನನ್ನ ಹತ್ರ ಒಂದು ಸುಳ್ಳು ಹೇಳಿಲ್ಲ. ಅವ್ರು ಫೋನ್ ಮಾಡಿಲ್ಲ ಅಂದ್ರೆ ಮಾಡಿಲ್ಲ. ನೀವು ಹೊರಡಿ."

ಕಿರಣ್ ಮೀಟರಿನ ಕೋಲನ್ನು ಬಟ್ಟೆಯಲ್ಲಿ ಒರೆಸಿ ಚೀಲಕ್ಕಿಟ್ಟುಕೊಂಡ. ಮುಖ ಕೆಂಪಾಗಿತ್ತು. ಪೆಟ್ಟಿಗೆ ಎತ್ತಿಕೊಂಡು ಬಾಗಿಲ ತನಕ ಹೋಗಿದ್ದ.

"ಮಾಡಿದ್ದೆ," ಎಂದ ಮುಕ್ತಾರ್.

ಫಕ್ರುನ್ನೀಸಾ ತಿರುಗಿದಳು.

"ಫೋನ್ ಮಾಡಿದ್ದೆ. ಬೇಡ ಅಂದಿದ್ದೆ. ಲೈಟು ನದೀಮನ ಹತ್ರ ತಂದಿದ್ದು. ಗಿಡದ್ದು ಅಂತ ಅವ್ನು ಹೇಳ್ದ, ನಾನೇ ಕೇಳ್ಲಿಲ್ಲ. ಚೀಟಿ ಕೆರೆದು ತೆಗೆದಿದ್ದೂ ನಾನೇ. ಈ ಹುಡುಗ್ನದ್ದೇನೂ ತಪ್ಪಿಲ್ಲ."

ಒಂದೇ ಉಸಿರಿಗೆ ಹೇಳಿದ. ಆಮೇಲೆ ಇನ್ನೇನೂ ಉಳಿದಿರಲಿಲ್ಲ. ಗೋಡೆಯ ಗಡಿಯಾರವನ್ನು ನೋಡುತ್ತಾ ನಿಂತ. ಫಕ್ರುನ್ನೀಸಾ ಕೂಗಾಡಲಿಲ್ಲ. ಅವಳು ಮೊದಲು ಮಾಡಿದ ಕೆಲಸ, ಒಂದು ಕುರ್ಚಿ ಎಳೆದು, "ಕೂತ್ಕೊಳ್ಳಿ ಕಿರಣ್," ಎಂದದ್ದು. ಎರಡನೆಯದು, ನೀರು ತಂದುಕೊಟ್ಟದ್ದು. ಮೂರನೆಯದು, ಗಂಡನ ಮುಂದೆ ತನ್ನ ಫೋನು ಹಿಡಿದದ್ದು.

"ಗುಂಪಿನಲ್ಲಿ ಬರ್ದಿದ್ದು ನಾನು. ನಾನು ಕ್ಷಮೆ ಬರೀತೀನಿ. ನೀವು ಇದ್ರಲ್ಲಿ ಮಾತಾಡಿ. ನಿಮ್ಮ ದನೀಲಿ."

"ಎಂಬತ್ತು ಜನ ಇದ್ದಾರೆ," ಎಂದ ಮುಕ್ತಾರ್.

"ಗೊತ್ತು."

ಕಿರಣ್, "ಬುಡಿ ಮೇಡಂ, ಬೇಕಾಗಿಲ್ಲ," ಎಂದ. ಫಕ್ರುನ್ನೀಸಾ ಕೈ ಇಳಿಸಲಿಲ್ಲ. ಮುಕ್ತಾರ್ ಫೋನು ತಗೊಂಡು, ಒಂದು ಸಲ ಕೆಮ್ಮಿ, ತಾನು ಯಾರು, ಏನು ಮಾಡಿದೆ, ಕಿರಣ್ ಕುಮಾರ್ ಅವರಿಂದ ಯಾವ ಮೋಸವೂ ಆಗಿಲ್ಲ ಎಂದು ಹೇಳಿದ. ಅರ್ಧ ನಿಮಿಷದ ಮಾತು. ಮುಗಿಯುವಷ್ಟರಲ್ಲಿ ಅಂಗಿಯ ಬೆನ್ನು ಒದ್ದೆಯಾಗಿತ್ತು.

ಆ ಮಧ್ಯಾಹ್ನವೇ ಹಳೇ ಲೈಟನ್ನು ನೀರಿನಿಂದ ಒಂದು ಮೊಳ ಮೇಲೆ ನೇತುಹಾಕಿದರು. ಕಿರಣ್ ಮೀಟರು ಇಳಿಸಿ ಅಂಕಿ ಹೇಳುತ್ತಿದ್ದ, ಫಕ್ರುನ್ನೀಸಾ ಬರೆದುಕೊಳ್ಳುತ್ತಿದ್ದಳು. ನೊಂದ ಹವಳಕ್ಕೆ ಮೊದಲು ಇಪ್ಪತ್ತು ಪರ್ಸೆಂಟೇ ಸಾಕೆಂದು, ವಾರಕ್ಕೆ ಐದರಂತೆ ಏರಿಸಬೇಕೆಂದು ಕಿರಣ್ ಹೇಳಿದ. ಮುಕ್ತಾರ್ ಸ್ಟೂಲು ಹಿಡಿದುಕೊಂಡು ನಿಂತಿದ್ದ. ಅದಕ್ಕಿಂತ ಹೆಚ್ಚಿನ ಕೆಲಸವನ್ನು ಯಾರೂ ಅವನಿಗೆ ಹೇಳಲಿಲ್ಲ.

ಗುಂಡಿ ಹವಳಗಳು ಬದುಕಲಿಲ್ಲ. ಅಣಬೆ ಹವಳದಲ್ಲಿ ಎರಡು ಉಳಿದವು. ಚರ್ಮದ ಹವಳ ಹನ್ನೊಂದು ದಿನ ಸತ್ತಂತೆ ಬಿದ್ದಿದ್ದು, ಹನ್ನೆರಡನೆಯ ದಿನ ಮೇಣದ ಪೊರೆ ಕಳಚಿಕೊಂಡು ಒಂದೊಂದೇ ಬೆರಳು ಚಾಚಿತು.

ಫಕ್ರುನ್ನೀಸಾ ಗಂಡನ ಜೊತೆ ಮಾತು ಬಿಡಲಿಲ್ಲ, ಊಟ ಬಡಿಸುವುದು ಬಿಡಲಿಲ್ಲ. ಆದರೆ ಅವನು ಏನು ಹೇಳಿದರೂ ಒಂದು ಗಳಿಗೆ ತಡೆದು ಅವನ ಮುಖ ನೋಡುತ್ತಿದ್ದಳು. ಕರೆಂಟು ಬಿಲ್ಲು ಕಟ್ಟಿದೆ ಎಂದರೆ, "ರಸೀದಿ?" ಎನ್ನುತ್ತಿದ್ದಳು. ತುಮಕೂರಿಗೆ ಹೋಗಿದ್ದೆ ಎಂದರೆ, ಯಾವ ಬಸ್ಸೆಂದು ಕೇಳುತ್ತಿದ್ದಳು. ಕೇಳುವುದರಲ್ಲಿ ಸಿಟ್ಟಿರಲಿಲ್ಲ; ಅವಳಿಗೆ ಹೊಸದಾಗಿ ಬಂದ ಅಭ್ಯಾಸ ಅದು. ತಾನು ಜಗತ್ತನ್ನೆಲ್ಲ ನೋಡುತ್ತಿದ್ದ ಕಣ್ಣು ಹೀಗಿರುತ್ತದೆಂದು ಮುಕ್ತಾರ್‌ಗೆ ಗೊತ್ತೇ ಇರಲಿಲ್ಲ. ಅವನು ರಸೀದಿ ತೋರಿಸುತ್ತಿದ್ದ, ಬಸ್ಸು ಯಾವುದೆಂದು ಹೇಳುತ್ತಿದ್ದ. ಮಹಾಲಕ್ಷ್ಮಮ್ಮನ ಹತ್ತಿರ ತಪ್ಪಾಯಿತೆಂದು ಹೇಳಿದ. ಎದುರುಮನೆಯ ಅಶ್ವತ್ಥನಿಗೆ ತಾನಾಗಿ ನಮಸ್ಕಾರ ಹೇಳಿದ. ದೂರು ಕೊಟ್ಟದ್ದು ಅವನೋ ಅಲ್ಲವೋ, ಇವತ್ತಿಗೂ ಗೊತ್ತಾಗಿಲ್ಲ.

ಎಂಟು ವಾರ ಅವಳು ಲೈಟಿನ ತಿರುಗಣೆಯನ್ನು ಅವನಿಗೆ ಮುಟ್ಟಗೊಡಲಿಲ್ಲ. ಒಂಬತ್ತನೆಯ ವಾರ, ಶುಕ್ರವಾರ ಬೆಳಿಗ್ಗೆ, ಅವಳ ಕೈ ಉಪ್ಪುನೀರಿನಲ್ಲಿತ್ತು.

"ಐದು ಪರ್ಸೆಂಟು ಏರ್ಸಿ ಜೀ. ನೀಲಿ ಮಾತ್ರ," ಎಂದಳು.

ಮುಕ್ತಾರ್ ಕನ್ನಡಕ ಹಾಕಿಕೊಂಡು, ಸ್ಟೂಲು ಹತ್ತಿ, ತಿರುಗಣೆಯನ್ನು ಒಂದು ಗೀಟಿನಿಂದ ಇನ್ನೊಂದು ಗೀಟಿಗೆ ಸರಿಸಿದ. ಇಳಿದು ಬದಿಗೆ ನಿಂತ. ಫಕ್ರುನ್ನೀಸಾ ಕೈ ಒರೆಸಿಕೊಂಡು ಬಂದ ಮೇಲೆ, ಸ್ಟೂಲು ಹತ್ತಿ ಗೀಟನ್ನು ನೋಡಿದಳು. ಸರಿಯಾಗಿತ್ತು. ಇಳಿದು ನೋಟ್‌ಬುಕ್ಕಿನಲ್ಲಿ ತಾರೀಖು ಹಾಕಿ ಬರೆದುಕೊಂಡಳು. ಅವಳು ಹತ್ತಿ ನೋಡಿದ್ದನ್ನು ಮುಕ್ತಾರ್ ನೋಡಿದ. ಅಂಗಡಿಯ ಬೀಗದ ಕೈ ತಗೊಂಡು ಹೊರಟ.